ಅಪ್ಪಯ್ಯ ನನಗೆ 'ನೀವು' ಅಂದರು: ನೆನಪು ಹೋದ ಮೇಲೂ ಮನುಷ್ಯ ಅವರೇನಾ?

ತೋಟದಮನೆ_ಸಾಗರ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೊರೆಯುತ್ತಿರುವ ವಿಷಯ ಇದು. ಮನೆಯಲ್ಲಿ ಹೇಳಿದರೆ ಅಮ್ಮ ಅಳುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪಯ್ಯನಿಗೆ 76. ಮೂರು ವರ್ಷದ ಹಿಂದೆ ಅಲ್ಝೈಮರ್ಸ್ ಅಂತ ಗೊತ್ತಾಯಿತು. ಮೊದಲು ಹೆಸರುಗಳು ಮರೆತವು, ಆಮೇಲೆ ತೋಟದ ದಾರಿ, ಈಗ ನಾವು. ಹೋದ ವಾರ ನಾನು ಬೆಂಗಳೂರಿನಿಂದ ಬಂದು ಜಗಲಿ ಹತ್ತಿದೆ. ಅವರು ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. "ಬನ್ನಿ, ಕೂತ್ಕೊಳ್ಳಿ. ಆಸರಿಗೆ ಎಂತ ಕೊಡ್ಲಿ?" ಅಂದರು. ನಮ್ಮ ಕಡೆ ಆಸರು ಅಂದರೆ ಬಾಯಾರಿಕೆ. 41 ವರ್ಷ 'ನೀನು', 'ಕೂಸೆ' ಅಂತ ಕರೆದ ಬಾಯಲ್ಲಿ 'ನೀವು' ಬಂತು. ನನ್ನ ಹೆಸರು ಮರೆತಾಗಲೂ ಇಷ್ಟು ನೋವಾಗಿರಲಿಲ್ಲ.

ಆದರೆ ಅದೇ ಸಂಜೆ ಇನ್ನೊಂದು ನಡೆಯಿತು. ಅಂಗಳದಲ್ಲಿ ಒಣಗಿದ ಅಡಿಕೆ ರಾಶಿ ಬಿದ್ದಿತ್ತು. ಅಪ್ಪಯ್ಯ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಎರಡು ಬೆರಳಲ್ಲಿ ಒಂದೊಂದನ್ನೇ ಎತ್ತುವುದು, ಹೆಬ್ಬೆರಳಿಂದ ಒಂದು ಸಲ ಉಜ್ಜುವುದು, ಪಕ್ಕಕ್ಕೆ ಎಸೆಯುವುದು. ಅಡಿಕೆಯ ದರ್ಜೆ ನೋಡಿ, ಬೆಟ್ಟೆ ಒಂದು ಕಡೆ, ರಾಶಿ ಒಂದು ಕಡೆ, ಗೊರಬಲು ಹಿಂದಕ್ಕೆ. ಅರ್ಧ ಗಂಟೆ, ಒಂದೂ ತಪ್ಪಿಲ್ಲ. ಎದುರಿಗೆ ಕೂತ ಮಗಳು ಯಾರು ಅಂತ ಗೊತ್ತಿಲ್ಲ. ಕೈಯಲ್ಲಿರುವ ಅಡಿಕೆ ಯಾವುದು ಅಂತ ಗೊತ್ತು.

ನನ್ನ ಪ್ರಶ್ನೆ ಇಷ್ಟೇ. ಈಗ ಅಲ್ಲಿ ಕೂತಿರುವವರು ನನ್ನ ಅಪ್ಪಯ್ಯನಾ? ಅಥವಾ ಅಪ್ಪಯ್ಯ ಹೋಗಿ ಅವರ ಮೈ ಮಾತ್ರ ಉಳಿದಿದೆಯಾ? ಸಮಾಧಾನದ ಮಾತು ಬೇಡ. ನಿಜವಾಗಿ ನಿಮಗೇನು ಅನಿಸುತ್ತದೆ ಹೇಳಿ.

ಸುಧಾ_ತುಮಕೂರು
ಓದಿ ಕಣ್ಣು ತುಂಬಿ ಬಂತು ಅಕ್ಕ. ನಮ್ಮಜ್ಜಿಗೂ ಹೀಗೇ ಆಗಿತ್ತು. ಕೊನೆಕೊನೆಗೆ ನನ್ನನ್ನು ತನ್ನ ತಂಗಿ ಅಂದುಕೊಂಡಿದ್ದಳು. ಅವಳ ಪ್ರೀತಿ ಮಾತ್ರ ಸುಳ್ಳಾಗಿರಲಿಲ್ಲ, ವಿಳಾಸ ತಪ್ಪಿತ್ತು ಅಷ್ಟೇ.

ತರ್ಕಪ್ರಿಯ
ಸಮಾಧಾನ ಬೇಡ ಅಂದಿದ್ದೀರಿ, ಅದಕ್ಕೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮನುಷ್ಯ ಅಂದರೆ ನೆನಪಿನ ಸರಪಳಿ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ಇದನ್ನು ಹೇಳಿದ. ರಾಜಕುಮಾರನ ನೆನಪೆಲ್ಲ ಚಮ್ಮಾರನ ಮೈಗೆ ಬಂದರೆ ಆ ಮೈಯಲ್ಲಿ ಇರುವವನು ರಾಜಕುಮಾರನೇ ಅಂತ ಅವನ ವಾದ. ಹಾಗಿದ್ದರೆ ನೆನಪೆಲ್ಲ ಹೋದ ಮೈಯಲ್ಲಿ ಇರುವವರು ಯಾರು? ಅವರನ್ನು ಪ್ರೀತಿಯಿಂದ ನೋಡಿಕೊಳ್ಳಿ, ಅದು ಬೇರೆ ಮಾತು. ಆದರೆ ನಿಮ್ಮನ್ನು ಸಾಕಿದ ವ್ಯಕ್ತಿ ಆಗಲೇ ಹೋಗಿಬಿಟ್ಟಿದ್ದಾರೆ ಅಂತ ನನಗನಿಸುತ್ತದೆ.

ಮೇಷ್ಟ್ರು_ಮೈಸೂರು
ತರ್ಕಪ್ರಿಯರೇ, ಲಾಕ್ ಹೇಳಿದ್ದಕ್ಕೆ ಉತ್ತರವೂ ಆಗಲೇ ಬಂದಿದೆ. 1785ರಲ್ಲಿ ಥಾಮಸ್ ರೀಡ್ ಅನ್ನುವ ತತ್ವಜ್ಞಾನಿ ಒಂದು ಉದಾಹರಣೆ ಕೊಟ್ಟ. ಒಬ್ಬ ಹುಡುಗ ಹಣ್ಣು ಕದ್ದು ಏಟು ತಿಂದ. ದೊಡ್ಡವನಾಗಿ ಸೈನ್ಯದ ಅಧಿಕಾರಿಯಾದ, ಆಗ ಆ ಏಟು ನೆನಪಿತ್ತು. ಮುದುಕನಾದಾಗ ಜನರಲ್ ಆದ. ಅಧಿಕಾರಿಯಾಗಿದ್ದಾಗ ಮಾಡಿದ್ದು ನೆನಪಿದೆ, ಬಾಲ್ಯದ ಏಟು ನೆನಪಿಲ್ಲ. ಲಾಕ್ ಲೆಕ್ಕದಲ್ಲಿ ಹುಡುಗನೂ ಅಧಿಕಾರಿಯೂ ಒಬ್ಬನೇ, ಅಧಿಕಾರಿಯೂ ಜನರಲ್ಲೂ ಒಬ್ಬನೇ, ಆದರೆ ಹುಡುಗನೂ ಜನರಲ್ಲೂ ಬೇರೆ ಬೇರೆ! ಇದು ಹೇಗೆ ಸಾಧ್ಯ?

ಅಷ್ಟು ದೂರ ಹೋಗೋದೂ ಬೇಡ. ನಿಮಗೆ ಎರಡು ವರ್ಷದವರಿದ್ದಾಗಿನ ಒಂದು ದಿನವಾದರೂ ನೆನಪಿದೆಯಾ? ನಿಮ್ಮಮ್ಮ ಎತ್ತಿ ಆಡಿಸಿದ್ದು ಬೇರೆ ಯಾರನ್ನೋ ಅಂತೀರಾ?

ತರ್ಕಪ್ರಿಯ
ಮೇಷ್ಟ್ರೇ, ಅಲ್ಲಿ ಕೊಂಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಬಂದಿವೆ. ನಿನ್ನೆಯದು ಇವತ್ತು ನೆನಪಿದೆ, ಇವತ್ತಿನದು ನಾಳೆ ಇರುತ್ತದೆ. ಅಲ್ಝೈಮರ್ಸ್‌ನಲ್ಲಿ ಆ ಕೊಂಡಿಯೇ ಕಳಚುತ್ತದೆ. ಎರಡೂ ಒಂದೇ ಅಲ್ಲ.

ನರ್ಸಕ್ಕ_ಹಾಸನ
ಕೊಂಡಿ ಕಳಚುತ್ತದೆ, ನಿಜ. ಆದರೆ ಎಲ್ಲ ಕೊಂಡಿಯೂ ಒಂದೇ ಸಲ ಕಳಚುವುದಿಲ್ಲ. ನಾನು ನರರೋಗದ ವಾರ್ಡಿನಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ, ದಿನಾ ನೋಡುವುದು ಇದನ್ನೇ.

ನೆನಪು ಅಂತ ನಾವು ಒಂದೇ ಪದ ಬಳಸುತ್ತೇವೆ. ಮೆದುಳಿನಲ್ಲಿ ಅದು ಒಂದೇ ಜಾಗದಲ್ಲಿ ಇಲ್ಲ. ಹೆಸರು, ಮುಖ, ನಿನ್ನೆ ಏನಾಯಿತು ಅನ್ನುವುದಕ್ಕೆ ಹಿಪೊಕ್ಯಾಂಪಸ್ ಬೇಕು. ಅಲ್ಝೈಮರ್ಸ್ ಮೊದಲು ಕೈ ಹಾಕುವುದು ಆ ಭಾಗಕ್ಕೇ. ಸೈಕಲ್ ಹೊಡೆಯುವುದು, ಹೂ ಕಟ್ಟುವುದು, ಅಡಿಕೆ ಆರಿಸುವುದು, ಇಂಥ ಕೈಕೆಲಸದ ನೆನಪು ಬೇರೆ ಭಾಗಗಳದ್ದು. ಅದು ತುಂಬಾ ದಿನ ಬಾಳುತ್ತದೆ.

ಅಮೆರಿಕದ ಹೆನ್ರಿ ಮೊಲೈಸನ್ ಅನ್ನುವವರ ಕಥೆ ಓದಿ. ಫಿಟ್ಸ್ ನಿಲ್ಲಿಸಲು 1953ರಲ್ಲಿ ಆಪರೇಷನ್ ಮಾಡಿ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದುಬಿಟ್ಟರು. ಆಮೇಲೆ ಹೊಸದೇನೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯಲು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗುತ್ತಾ ಹೋಯಿತು. ಆದರೆ ಪ್ರತಿ ದಿನವೂ ಅವರ ಮಟ್ಟಿಗೆ ಅದು ಮೊದಲನೇ ಸಲ! ಕೈ ಕಲಿತದ್ದು ಅವರಿಗೇ ಗೊತ್ತಿರಲಿಲ್ಲ.

ಸಾಗರದ ಅಕ್ಕ, ನಿಮ್ಮ ಅಪ್ಪಯ್ಯನ ಹೆಬ್ಬೆರಳು ಮಾಡುತ್ತಿರುವುದೂ ಇದೇ. ಸುಮ್ನೆ ಮೈ ಅಲ್ಲಾಡಿದ್ದಲ್ಲ ಅದು. ಐವತ್ತು ವರ್ಷದ ಬದುಕು ಅಲ್ಲಿ ಕೂತಿದೆ.

ಪ್ರವೀಣ_ಬೆಂಗಳೂರು
ಗೊರಬಲು ಅಂದರೇನು? ಗೊತ್ತಿಲ್ಲದೆ ಕೇಳ್ತಿದ್ದೀನಿ.

ತೋಟದಮನೆ_ಸಾಗರ
ಪ್ರವೀಣ್, ಬಲಿತು ಹೋದ, ಕಡಿಮೆ ದರದ ಅಡಿಕೆ. ಒಂದು ಮೂಟೆ ರಾಶಿಯಲ್ಲಿ ನಾಲ್ಕು ಗೊರಬಲು ಕಂಡರೂ ಮಂಡಿಯಲ್ಲಿ ಬೆಲೆ ಇಳಿಸುತ್ತಾರೆ. ಅಪ್ಪಯ್ಯನಿಗೆ ಅದು ಮರ್ಯಾದೆ ಪ್ರಶ್ನೆ.

ಗದಗಿನ_ಗಾಳಿ
ಅಲ್ರೀ, ಈ ಪ್ರಶ್ನೆ ನಮಗ ಹೊಸದೇನಲ್ಲ. ಬೇತಾಳನ ಕಥೆ ನೆನಪು ಮಾಡ್ಕೊಳ್ಳಿ. ಒಬ್ಬಳ ಗಂಡ ಮತ್ತು ಅಣ್ಣ ಇಬ್ಬರೂ ದೇವಿ ಗುಡಿಯಲ್ಲಿ ತಲೆ ಕಡಿದುಕೊಂಡಿರುತ್ತಾರೆ. ಹೆಂಡತಿ ಅವಸರದಲ್ಲಿ ತಲೆ ಅದಲುಬದಲು ಜೋಡಿಸಿಬಿಡುತ್ತಾಳೆ. ಈಗ ಗಂಡ ಯಾರು ಅಂತ ಬೇತಾಳ ಕೇಳುತ್ತದೆ. ಗಂಡನ ತಲೆ ಇರುವವನೇ ಗಂಡ, ಅಂಗಗಳಲ್ಲಿ ತಲೆಯೇ ಮುಖ್ಯ ಅಂತ ರಾಜ ಹೇಳಿಬಿಡುತ್ತಾನೆ. ಮುಗೀತು.

ಮೇಷ್ಟ್ರು_ಮೈಸೂರು
ಮುಗಿಯಲಿಲ್ಲ! ಕಾರ್ನಾಡರ ಹಯವದನ ನಾಟಕ ಹುಟ್ಟಿದ್ದೇ ಆ ಉತ್ತರ ಒಪ್ಪಿಗೆಯಾಗದ್ದರಿಂದ. ಅಲ್ಲಿ ಗೆಳೆಯ ಕಪಿಲನ ತಲೆ ಗಂಡ ದೇವದತ್ತನ ಮೈಗೆ ಬರುತ್ತದೆ. ಕಾಡಿನಲ್ಲಿ ದುಡಿದು ಆ ಮೆತ್ತನೆ ಮೈಯನ್ನು ಗಟ್ಟಿ ಮಾಡುತ್ತಾನೆ. ಆದರೆ ಮೈಯೊಳಗೆ ಉಳಿದ ನೆನಪನ್ನು ಹೊಡೆದೋಡಿಸಲು ಅವನಿಂದ ಆಗುವುದಿಲ್ಲ. ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿರುತ್ತದೆ. ಸಾಗರದ ತಂಗಿ ಅಂಗಳದಲ್ಲಿ ನೋಡಿದ್ದೂ ಅದೇ ಅಲ್ವಾ? ನಾನು ಕಾಲೇಜಿನಲ್ಲಿ ಇದನ್ನು ಪಾಠ ಮಾಡಿದವನು. ಇಷ್ಟು ಹತ್ತಿರದ ಉದಾಹರಣೆ ನನಗೂ ಸಿಕ್ಕಿರಲಿಲ್ಲ.

ರಮ್ಯ_ಚಿತ್ರದುರ್ಗ
ನಮ್ಮ ಮೈಯ ಎಲ್ಲ ಜೀವಕೋಶಗಳೂ ಏಳು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗುತ್ತವಂತೆ. ಹಾಗಿದ್ದ ಮೇಲೆ ಮೈಯನ್ನು ನಂಬಿ 'ಇವರೇ' ಅನ್ನುವುದು ಹೇಗೆ?

ನರ್ಸಕ್ಕ_ಹಾಸನ
ರಮ್ಯ, ಅದು ಎಲ್ಲರೂ ಹೇಳುವ ಮಾತು, ಆದರೆ ಸರಿಯಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಇರುತ್ತದೆ. ಕರುಳಿನ ಒಳಪದರ ಕೆಲವೇ ದಿನ. ಆದರೆ ಮೆದುಳಿನ ಹೊರಪದರದ ನರಕೋಶಗಳು ಹುಟ್ಟಿನಿಂದ ಸಾಯುವ ತನಕ ಅವೇ. ಕಣ್ಣಿನ ಮಸೂರದ ನಡುಭಾಗವಂತೂ ಹುಟ್ಟುವ ಮೊದಲೇ ತಯಾರಾದದ್ದು.

ಅಂದರೆ ಅಪ್ಪಯ್ಯ ಮಗಳನ್ನು ಮೊದಲ ಸಲ ನೋಡಿದ್ದು ಯಾವ ಮಸೂರದಿಂದಲೋ, ಪೊರೆಯ ಆಪರೇಷನ್ ಆಗಿರದಿದ್ದರೆ ಇವತ್ತು ನೋಡುತ್ತಿರುವುದೂ ಅದರಿಂದಲೇ.

ತೋಟದಮನೆ_ಸಾಗರ
ಆಗಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳಿದೆ.

ಶಿವಕುಮಾರ_ಹರಿಹರ
ಇಷ್ಟೆಲ್ಲ ಯಾಕೆ ಚರ್ಚೆ? ಆತ್ಮ ಒಂದಿದೆ. ಮೈ ಬಟ್ಟೆ ಇದ್ದಂತೆ, ಮನಸ್ಸು ಕನ್ನಡಿ ಇದ್ದಂತೆ. ಕನ್ನಡಿಗೆ ಧೂಳು ಹತ್ತಿದೆ, ಅಷ್ಟೇ. ಅಪ್ಪ ಒಳಗೇ ಇದ್ದಾರೆ. ನಮ್ಮ ತಂದೆಯ ಕೊನೆಯ ಎರಡು ವರ್ಷ ನಾನು ಇದೊಂದು ನಂಬಿಕೆಯ ಮೇಲೇ ಅವರ ಮೈ ತೊಳೆದೆ.

ತರ್ಕಪ್ರಿಯ
ಶಿವಕುಮಾರರೇ, ನಿಮ್ಮ ಸೇವೆ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಆತ್ಮಕ್ಕೆ ಮಗಳ ನೆನಪೂ ಇಲ್ಲ, ಸ್ವಭಾವವೂ ಇಲ್ಲ, ಬೆರಳಿನ ಪಳಗಿಕೆಯೂ ಇಲ್ಲ ಅಂದರೆ ಅದನ್ನು 'ಅಪ್ಪ' ಅಂತ ಗುರುತಿಸುವುದು ಯಾವುದರಿಂದ? ನನ್ನ ಅಪ್ಪನ ಆತ್ಮ, ನಿಮ್ಮ ಅಪ್ಪನ ಆತ್ಮ ಅಂತ ಬೇರೆ ಮಾಡುವುದು ಹೇಗೆ?

ಆತ್ಮ ಇಲ್ಲ ಅಂದ ಹಳೆಯ ಕಾಲದ ಚಾರ್ವಾಕರ ಹೋಲಿಕೆ ಕೇಳಿದ್ದೀರಾ? ಎಲೆ, ಅಡಿಕೆ, ಸುಣ್ಣ, ಮೂರರಲ್ಲಿ ಯಾವುದೂ ಕೆಂಪಲ್ಲ. ಕೂಡಿಸಿ ಜಗಿದಾಗ ಕೆಂಪು ಹುಟ್ಟುತ್ತದೆ. ಮೈಯ ಭಾಗಗಳು ಸರಿಯಾಗಿ ಕೂಡಿದಾಗ ಪ್ರಜ್ಞೆ ಹುಟ್ಟುವುದೂ ಹಾಗೇ ಅಂದರು. ಕೆಂಪು ಎಲ್ಲಿಂದಲೋ ಬಂದು ಬಾಯೊಳಗೆ ಕೂತದ್ದಲ್ಲ.

ಶಿವಕುಮಾರ_ಹರಿಹರ
ಕೆಂಪು ಹುಟ್ಟಿತು ಸರಿ. ಆ ಕೆಂಪನ್ನು ನೋಡಿ 'ಕೆಂಪು' ಅನ್ನುವವನು ಯಾರು? ಅದಕ್ಕೆ ನಿಮ್ಮ ಚಾರ್ವಾಕರು ಉತ್ತರ ಕೊಡಲಿ.

ಗದಗಿನ_ಗಾಳಿ
ಭಲೇ. ಇಬ್ಬರ ಮಾತೂ ಗಟ್ಟಿ ಇದೆ. ಆದ್ರ ಆ ತಂಗಿ ಕೇಳಿದ್ದು ಬ್ಯಾರೆ.

ಬಸವರಾಜ_ಬಾಗಲಕೋಟೆ
ಮೈ ಬಗ್ಗೆ ಮಾತು ಬಂತಲ್ಲ, ಒಂದು ಹೇಳುತ್ತೇನೆ. ನಮ್ಮ ಕಾಕಾಗೆ ಸಕ್ಕರೆ ಕಾಯಿಲೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆರು ತಿಂಗಳಾಯಿತು. ಈಗಲೂ ರಾತ್ರಿ ಎದ್ದು "ಹೆಬ್ಬೆರಳು ಕಡೀತದ, ಕೆರಿ" ಅಂತಾರೆ. ಇಲ್ಲದ ಬೆರಳು! ನಾನು ಹಾಸಿಗೆ ಮೇಲೆ ಆ ಬೆರಳು ಇರಬೇಕಾದ ಜಾಗ ಕೆರೆಯುತ್ತೇನೆ. ಕಾಕಾಗೆ ಒಮ್ಮೊಮ್ಮೆ ಸಮಾಧಾನ ಆಗುತ್ತದೆ.

ಅಲ್ಲಿ ಮೈ ಹೋಗಿದೆ, ಮನಸ್ಸು ಬಿಟ್ಟಿಲ್ಲ. ಸಾಗರದಲ್ಲಿ ಮನಸ್ಸು ಹೋಗಿದೆ, ಮೈ ಬಿಟ್ಟಿಲ್ಲ.

ನರ್ಸಕ್ಕ_ಹಾಸನ
ಬಸವರಾಜರೇ, ಕನ್ನಡಿ ಚಿಕಿತ್ಸೆ ಕೇಳಿ ನೋಡಿ. ಇರುವ ಕಾಲಿನ ಪ್ರತಿಬಿಂಬ ಹೋದ ಕಾಲಿನ ಜಾಗದಲ್ಲಿ ಕಾಣುವ ಹಾಗೆ ಕನ್ನಡಿ ಇಟ್ಟು ಅಲ್ಲಾಡಿಸಬೇಕು. ಇದನ್ನು ತಂದವರು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಆದರೆ ಕೆಲವರಿಗೆ ನೋವು ಇಳಿಯುತ್ತದೆ. ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ.

ಕಡಲತಡಿ_ಕುಂದಾಪುರ
ಎಲ್ಲ ಓದಿದೆ. ನನಗೆ ಸಾಗರದ ಅಕ್ಕನ ಮೇಲೆ ಸ್ವಲ್ಪ ಅಸೂಯೆ ಆಯಿತು ಅಂದರೆ ತಪ್ಪು ತಿಳಿಯಬೇಡಿ.

ನಮ್ಮ ಅತ್ತೆಗೆ, ಅಂದರೆ ಗಂಡನ ಅಮ್ಮನಿಗೆ, 61. ಅವರಿಗೆ ಬಂದದ್ದು ಮೆದುಳಿನ ಮುಂಭಾಗದ ಕಾಯಿಲೆ, ಫ್ರಂಟೊಟೆಂಪೊರಲ್ ಡಿಮೆನ್ಷಿಯಾ. ನೆನಪು ಬಹಳ ಮಟ್ಟಿಗೆ ಚೆನ್ನಾಗಿದೆ. ನನ್ನ ಹೆಸರು ಗೊತ್ತು, ಮೊಮ್ಮಕ್ಕಳ ಹುಟ್ಟಿದ ದಿನ ಗೊತ್ತು, ಯಾರ ಮದುವೆ ಯಾವ ಛತ್ರದಲ್ಲಿ ಆಯ್ತು ಅಂತ ಹೇಳುತ್ತಾರೆ. ಆದರೆ ಮಾರಾಯ್ರೇ, ಆ ಮನುಷ್ಯೆಯೇ ಬೇರೆ. ಮೊದಲು ಮೀನು ಸಾರು ಮಾಡಿದರೆ ಪಕ್ಕದ ಮನೆಗೆ ಒಂದು ಪಾತ್ರೆ ಕೊಟ್ಟೇ ತಾನು ಊಟಕ್ಕೆ ಕೂರುತ್ತಿದ್ದವರು. ಈಗ ಮೊಮ್ಮಗಳ ತಟ್ಟೆಯಿಂದ ಕಸಿದು ತಿನ್ನುತ್ತಾರೆ. ಮಗು ಅತ್ತರೆ ನೋಡುವುದೂ ಇಲ್ಲ. ನನ್ನ ತಾಯಿ ಸತ್ತ ಸುದ್ದಿ ಬಂದಾಗ ಟಿವಿ ಸೌಂಡ್ ಜಾಸ್ತಿ ಮಾಡು ಅಂದರು.

ಹೆಸರು ಮರೆತು ಮನೆಗೆ ಬಂದವರಿಗೆ ಎದ್ದು ನಿಂತು 'ಆಸರಿಗೆ ಎಂತ' ಅಂತ ಕೇಳುವ ಅಪ್ಪ. ಎಲ್ಲ ನೆನಪಿದ್ದೂ ಮರುಕ ಇಲ್ಲದ ಅತ್ತೆ. ಯಾರು ಹೋಗಿದ್ದಾರೆ, ಯಾರು ಉಳಿದಿದ್ದಾರೆ? ತರ್ಕಪ್ರಿಯರೇ, ನಿಮ್ಮ ಲೆಕ್ಕದಲ್ಲಿ ನಮ್ಮತ್ತೆ ಪೂರ್ತಿ ಇದ್ದಾರೆ. ಒಂದು ದಿನ ಬಂದು ನಮ್ಮ ಮನೆಯಲ್ಲಿ ಇದ್ದು ನೋಡಿ.

ತರ್ಕಪ್ರಿಯ
ಇದಕ್ಕೆ ಥಟ್ಟನೆ ಉತ್ತರ ಕೊಡಲು ಆಗಲಿಲ್ಲ, ಎರಡು ದಿನ ತೆಗೆದುಕೊಂಡೆ.

ನೀವು ಹೇಳಿದ್ದನ್ನೇ ಹೋಲುವ ಒಂದು ಅಧ್ಯಯನ ಇದೆ. 2015ರಲ್ಲಿ ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ ಮಾಡಿದ್ದು. ಮೂರು ಬಗೆಯ ರೋಗಿಗಳ ಮನೆಯವರನ್ನು ಕೇಳಿದರು: ಅಲ್ಝೈಮರ್ಸ್, ನಿಮ್ಮ ಅತ್ತೆಗೆ ಬಂದ ಕಾಯಿಲೆ, ಮತ್ತು ಎಎಲ್ಎಸ್. ಎಎಲ್ಎಸ್‌ನಲ್ಲಿ ಕೈಕಾಲು, ಮಾತು ಎಲ್ಲ ನಿಲ್ಲುತ್ತಾ ಹೋಗುತ್ತದೆ, ಬುದ್ಧಿ ಬಹುಪಾಲು ಉಳಿಯುತ್ತದೆ. 'ಇವರು ಮೊದಲಿನವರೇ ಅಲ್ಲ' ಅಂತ ಹೆಚ್ಚು ಅನಿಸಿದ್ದು ಫ್ರಂಟೊಟೆಂಪೊರಲ್ ಕಾಯಿಲೆಯವರ ಮನೆಯವರಿಗೆ. ಅತಿ ಕಡಿಮೆ ಎಎಲ್ಎಸ್‌ನವರಿಗೆ. ನೆನಪು ಹೋದದ್ದಕ್ಕಿಂತ ಒಳ್ಳೆಯತನ ಬದಲಾದದ್ದು ಮನೆಯವರಿಗೆ ದೊಡ್ಡದಾಗಿ ಕಂಡಿತ್ತು.

ಹಾಗಾಗಿ ನೆನಪೇ ಎಲ್ಲ ಅಂದ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಮೆದುಳೇ ಮನುಷ್ಯ ಅನ್ನುವುದನ್ನು ಬಿಡಲಾರೆ. ಅಮೆರಿಕದ ರೈಲು ಕೆಲಸಗಾರ ಫಿನಿಯಾಸ್ ಗೇಜ್ ನೋಡಿ. 1848ರಲ್ಲಿ ಕಬ್ಬಿಣದ ಸಲಾಕೆ ತಲೆ ತೂರಿ ಹೋಯಿತು, ಸಭ್ಯ ಮನುಷ್ಯ ಪೂರ್ತಿ ಒರಟನಾದ.

ಮೇಷ್ಟ್ರು_ಮೈಸೂರು
ಗೇಜ್ ವಿಷಯದಲ್ಲಿ 'ಪೂರ್ತಿ' ಅನ್ನಬೇಡಿ. ಆ ಮನುಷ್ಯ ಆಮೇಲೆ ಚಿಲಿಗೆ ಹೋಗಿ ವರ್ಷಗಟ್ಟಲೆ ಕುದುರೆ ಕೋಚ್ ಓಡಿಸಿದ. ಪ್ರಯಾಣಿಕರನ್ನು ಕೂರಿಸಿಕೊಂಡು, ಹಲವು ಕುದುರೆ ಹಿಡಿದು ಓಡಿಸುವುದು ಒರಟನಿಂದ ಆಗುವ ಕೆಲಸ ಅಲ್ಲ. ಹಾಗಾಗಿ ಅವನು ಎಷ್ಟೋ ಸುಧಾರಿಸಿದ್ದ ಅಂತ ಈಗ ಅನೇಕರು ಹೇಳುತ್ತಾರೆ. ಮೊದಲ ದಿನಗಳ ವರ್ಣನೆಯನ್ನೇ ಪಠ್ಯಪುಸ್ತಕಗಳು ಹಿಡಿದುಕೊಂಡವು.

ಅನಿತಾ_ಮಂಡ್ಯ
ಮೆದುಳು ಅಂದಾಗ ನೆನಪಾಯಿತು. ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಬಿ.ಎಸ್ಸಿ. ಓದುವಾಗ ಕರೆದುಕೊಂಡು ಹೋಗಿದ್ದರು. ಗ್ಲೌಸ್ ಹಾಕಿಸಿ ನಿಜವಾದ ಮೆದುಳನ್ನು ಕೈಗೆ ಕೊಟ್ಟರು. ಒಂದೂಕಾಲು ಕೆಜಿ ಮೇಲಿತ್ತು, ತಣ್ಣಗೆ, ಗಟ್ಟಿ ಬೆಣ್ಣೆ ಥರ. ಇದು ಯಾರೋ ಒಬ್ಬರ ಸಿಟ್ಟು, ಪ್ರೀತಿ, ಮನೆ ವಿಳಾಸ ಎಲ್ಲ ಆಗಿತ್ತಾ ಅಂತ ಕೈ ನಡುಗಿತು. ಅವತ್ತು ಊಟ ಸೇರಲಿಲ್ಲ. ಅವರ ಮನೆಯವರು ದಾನ ಕೊಟ್ಟಿದ್ದಕ್ಕೆ ನಾವು ಕಲಿಯಲು ಆಯಿತು.

ರಿಟೈರ್ಡ್_ಪೋಸ್ಟ್‌ಮಾಸ್ಟರ್
ತತ್ವ ಎಲ್ಲ ಸರಿ. ಒಂದು ವ್ಯವಹಾರದ ಮಾತು. ಅಮ್ಮಾ, ಅಪ್ಪನ ಬ್ಯಾಂಕ್ ಖಾತೆ ಜಂಟಿ ಇದೆಯಾ? ನನ್ನ ಅಣ್ಣನಿಗೆ ಇದೇ ಕಾಯಿಲೆ ಬಂದಾಗ ಸಹಿ ಹೊಂದುತ್ತಿಲ್ಲ ಅಂತ ಒಂದು ಬ್ಯಾಂಕಿನವರು ಚೆಕ್ ವಾಪಸ್ ಮಾಡಿದರು. ಹೆಬ್ಬೆಟ್ಟು ಇಡೋಣ ಅಂದರೆ ಗೇಯ್ದು ಗೇಯ್ದು ಗೆರೆ ಸವೆದಿದೆ, ಯಂತ್ರ ಒಪ್ಪಲ್ಲ. ಐವತ್ತು ವರ್ಷದ ಗ್ರಾಹಕ ಎದುರಿಗೇ ಕೂತಿದ್ದಾನೆ, 'ಇವರು ಅವರೇ ಅನ್ನೋದಕ್ಕೆ ದಾಖಲೆ ಏನು' ಅಂತ ಕೇಳಿದರು.

ಪವರ್ ಆಫ್ ಅಟಾರ್ನಿ ಮೇಲೆ ಭರವಸೆ ಇಡಬೇಡಿ. ಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ಅಲ್ಲಿಗೇ ನಿಂತುಹೋಗುತ್ತದೆ. ಆಮೇಲೆ ಕೋರ್ಟಿಗೇ ಹೋಗಬೇಕು. ಪಿಂಚಣಿ ಇದ್ದವರು ಬದುಕಿದ್ದೇವೆ ಅನ್ನುವ ದಾಖಲೆ, ಜೀವನ್ ಪ್ರಮಾಣ್‌ಗೆ ಬೆರಳಿನ ಬದಲು ಮುಖ ತೋರಿಸಬಹುದು, ಫೋನಿನಲ್ಲೇ ಆಗುತ್ತದೆ.

ತೋಟದಮನೆ_ಸಾಗರ
ಸರ್, ಖಾತೆ ಜಂಟಿ ಇದೆ. ಅಮ್ಮ ಹಟ ಹಿಡಿದು ಮಾಡಿಸಿದ್ದಳು. ಆದರೆ ಅಪ್ಪಯ್ಯನ ಬೆರಳಿನ ಗೆರೆಯೂ ಹಾಗೇ. ವರ್ಷಾನುಗಟ್ಟಲೆ ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿದ ಕೈ, ಉಗುರಿನ ಬುಡ ಇನ್ನೂ ಕಪ್ಪು.

ನರ್ಸಕ್ಕ_ಹಾಸನ
ಅಕ್ಕ, ಎರಡು ವಿಷಯ. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಈಚೆಗೆ ಮಾಡಿಸಿದ್ದೀರಾ? ಅವು ಕಡಿಮೆ ಇದ್ದರೆ ಮರೆವು ಇನ್ನೂ ಜಾಸ್ತಿ ಆಗುತ್ತದೆ, ಅದನ್ನು ಸರಿ ಮಾಡಬಹುದು. ಒಂದೇ ಸಲ ತೀರಾ ಗಲಿಬಿಲಿ ಆದರೆ ಮೂತ್ರದ ಸೋಂಕು ಇದೆಯಾ ನೋಡಿಸಿ. ಇನ್ನೊಂದು, 'ನಾನ್ಯಾರು ಹೇಳಿ' ಅಂತ ದಯವಿಟ್ಟು ಪರೀಕ್ಷೆ ಮಾಡಬೇಡಿ. ಅವರಿಗೆ ಅದು ದಿನಾ ಫೇಲಾಗುವ ಪರೀಕ್ಷೆ.

ಈ ಕಾಯಿಲೆಗೆ ಹೆಸರು ಬಂದದ್ದು ಡಾಕ್ಟರ್ ಆಲೋಯಿಸ್ ಅಲ್ಝೈಮರ್ ಅವರಿಂದ. 1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಔಗುಸ್ಟ ಡೇಟರ್ ಅನ್ನುವ 51 ವರ್ಷದ ಹೆಂಗಸಿಗೆ ಹೆಸರು ಬರೆಯಲು ಹೇಳಿದರು. 'ಶ್ರೀಮತಿ' ಅಂತ ಬರೆದು ಮುಂದಿನದು ಮರೆತುಬಿಟ್ಟರು. 'ನಾನು ನನ್ನನ್ನು ಕಳೆದುಕೊಂಡಿದ್ದೇನೆ' ಅಂತ ಆಕೆ ಹೇಳಿದ್ದು ಕಡತದಲ್ಲಿದೆ. ನಾನು ಅದನ್ನು ಓದಿದಾಗಿನಿಂದ ಯೋಚಿಸುತ್ತೇನೆ. ಕಳೆದುಕೊಂಡೆ ಅಂತ ಹೇಳಲು ಅಲ್ಲಿ ಒಬ್ಬರು ಇರಲೇಬೇಕಲ್ಲ!

ಸಹಾಯ ಬೇಕಾದರೆ ಹಿರಿಯರ ಸಹಾಯವಾಣಿ 14567. ನಿಮಗೇ ತಡೆಯಲಾಗದಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರ ಅಂದಾಜು. ಹೊರಗೆ ಹೇಳಿಕೊಳ್ಳುವವರು ಕಡಿಮೆ ಅಷ್ಟೇ.

ತೋಟದಮನೆ_ಸಾಗರ
ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ, ಆದರೆ ಒಂದೊಂದನ್ನೂ ಎರಡೆರಡು ಸಲ ಓದಿದೆ. ಕುಂದಾಪುರದ ಅಕ್ಕ, ನಿಮ್ಮ ಮಾತು ನನ್ನನ್ನು ತಿರುಗಿಸಿ ನಿಲ್ಲಿಸಿತು. ನಾನು 'ನೀವು' ಅನ್ನುವ ಪದವನ್ನು ಮಾತ್ರ ಕೇಳಿಸಿಕೊಂಡಿದ್ದೆ. ಎದ್ದು ನಿಂತದ್ದು, ಪಂಚೆ ಸರಿಮಾಡಿಕೊಂಡದ್ದು, ಬಾಯಾರಿಕೆ ಕೇಳಿದ್ದು, ಅದೆಲ್ಲ ನನ್ನ ಅಪ್ಪಯ್ಯನೇ. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ಮೊನ್ನೆ ಪಕ್ಕದಲ್ಲಿ ಕೂತು ನಾನೂ ಆರಿಸಿದೆ. ಯಾರು ಏನು ಅಂತ ಏನೂ ಕೇಳಲಿಲ್ಲ. ಒಂದು ಗೊರಬಲು ನನ್ನ ಕಣ್ಣು ತಪ್ಪಿ ರಾಶಿಗೆ ಬಿತ್ತು. ಅಪ್ಪಯ್ಯ ಅದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು, ನನ್ನ ಹೆಬ್ಬೆರಳು ಹಿಡಿದು ಅದರ ಮೇಲೆ ಉಜ್ಜಿಸಿದರು. ನಾನು ಎಂಟು ವರ್ಷದವಳಿದ್ದಾಗ ಕಲಿಸಿದ್ದು ಹೀಗೇ. "ಗೊತ್ತಾತಾ?" ಅಂದರು. 'ನೀವು' ಅನ್ನಲಿಲ್ಲ, 'ನೀನು' ಅಂತಲೂ ಅನ್ನಲಿಲ್ಲ.

ನಿನ್ನೆ ಮತ್ತೆ ಬುಟ್ಟಿ ಇಟ್ಟರೆ ಸಿಟ್ಟಿನಿಂದ ಒದ್ದರು. ಅಂಗಳ ತುಂಬಾ ಅಡಿಕೆ. ಹಾಗಾಗಿ ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ.

ಶಿವಕುಮಾರ_ಹರಿಹರ
ಒದ್ದ ದಿನ ಬಿಟ್ಟುಬಿಡಿ ತಾಯಿ. ಮರುದಿನ ಮತ್ತೆ ಇಡಿ.

ತರ್ಕಪ್ರಿಯ
ಹೌದು. ಬುಟ್ಟಿ ಸಣ್ಣದು ಇಡಿ, ಒಂದು ಸೇರಿನಷ್ಟು. ಜಾಸ್ತಿ ಕಂಡರೆ ಗಾಬರಿ ಆಗುತ್ತದೇನೋ.

ತೋಟದಮನೆ_ಸಾಗರ
ಹಾಗೇ ಮಾಡುತ್ತೇನೆ. ಬಿ12 ರಿಪೋರ್ಟ್ ಸೋಮವಾರ ಬರುತ್ತದೆ, ಹಾಕುತ್ತೇನೆ. ನರ್ಸಕ್ಕ, ಇವರು ರಾತ್ರಿ ಎರಡು ಗಂಟೆಗೆ ಎದ್ದು ತೋಟಕ್ಕೆ ಹೊರಡುತ್ತಾರೆ. ಬಾಗಿಲಿಗೆ ಚಿಲಕ ಹಾಕಿದರೆ ಬಡಿಯುತ್ತಾರೆ. ಅದಕ್ಕೆ ಏನು ಮಾಡೋದು?

ನರ್ಸಕ್ಕ_ಹಾಸನ
ತಡೆಯಬೇಡಿ, ಜೊತೆಗೆ ಹೋಗಿ. ಟಾರ್ಚ್ ಅವರ ಕೈಗೇ ಕೊಡಿ. ಅಂಗಳದಲ್ಲಿ ಎರಡು ಸುತ್ತು ಹಾಕಿಸಿ, 'ಮಂಜು ಬೀಳ್ತಿದೆ, ಬೆಳಗಾದ ಮೇಲೆ ಹೋಗೋಣ' ಅನ್ನಿ. ಹಗಲು ಬಿಸಿಲಿಗೆ ಕೂರಿಸಿ, ಮಧ್ಯಾಹ್ನ ಜಾಸ್ತಿ ಮಲಗಲು ಬಿಡಬೇಡಿ. ಹದಿನೈದು ದಿನ ನೋಡಿ, ಆಮೇಲೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳೋಣ.